ಗಾನನಮನ: ನೀನಾ ಸಿಮೋನ್ ಮತ್ತು ಮುಂದಿನ ಸಾಲಿನ ಎರಡು ಆಸನಗಳು

(ಎಂಟನೆಯ ಮತ್ತು ಒಂಬತ್ತನೆಯ ಇಯತ್ತೆಗಳಿಗೆ ಪೂರಕ ಪಾಠ. ಅವಧಿಗಳು: ನಾಲ್ಕು)

ಪಾಠದ ಆಶಯ

ಗತಿಸಿದ ಕಲಾವಿದರನ್ನು ಅವರ ಕಲೆಯ ಮೂಲಕವೇ ಸ್ಮರಿಸುವ ಪದ್ಧತಿ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ನಿಧನರಾದ ಬಳಿಕ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ಗುರುಗಳ ಹೆಸರಿನ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದರು. ಕನ್ನಡ ನೆಲದ ಗುರುವಿಗೆ ಕನ್ನಡ ನೆಲದ ಶಿಷ್ಯರು ಮರಾಠಿ ನೆಲದಲ್ಲಿ ಸಲ್ಲಿಸಿದ ಕಾಣಿಕೆ ಅದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪರಿಸರದ ಶಿಕ್ಷಕರು ಈ ನಿದರ್ಶನದಿಂದಲೇ ಪಾಠವನ್ನು ಆರಂಭಿಸಬಹುದು.

ಅಂತಹುದೇ ಒಂದು ಗೌರವ ಕಛೇರಿ 2019ರ ಆಗಸ್ಟ್ 21ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಅದು ಅಮೆರಿಕದ ಗಾಯಕಿ, ಪಿಯಾನೋ ವಾದಕಿ ನೀನಾ ಸಿಮೋನ್ ಅವರಿಗೆ ಸಲ್ಲಿಸಿದ ಗಾನನಮನ. ಆ ಕಛೇರಿಯನ್ನು ನಿಮಿತ್ತವಾಗಿಟ್ಟುಕೊಂಡು ಆ ಕಲಾವಿದೆಯ ಬಾಳನ್ನು ಅರಿಯುವುದು, ಗೌರವ ಎಂಬ ಮಾತಿನ ಅರ್ಥವನ್ನು ಶೋಧಿಸುವುದು, ಅದನ್ನು ಒಳ್ಳೆಯ ಕನ್ನಡದಲ್ಲಿ ಬರೆಯಲು ಕಲಿಯುವುದು ಈ ಪಾಠದ ಉದ್ದೇಶ.

ಕಲಿಕೆಯ ಫಲಗಳು

ಪಾಠ ಮುಗಿದಾಗ ವಿದ್ಯಾರ್ಥಿಯು—
1. ಒಂದು ಜೀವನಕಥನದಲ್ಲಿ ನಡೆದ ಸಂಗತಿ, ವ್ಯಕ್ತಿಯ ನಂಬಿಕೆ, ಇತರರ ಹೇಳಿಕೆ ಎಂಬ ಮೂರನ್ನು ಬೇರ್ಪಡಿಸಬಲ್ಲನು.
2. ಅನುಕರಣೆಗೂ ಗೌರವಾರ್ಪಣೆಗೂ ಇರುವ ವ್ಯತ್ಯಾಸವನ್ನು ಉದಾಹರಣೆಸಹಿತ ವಿವರಿಸಬಲ್ಲನು.
3. ಸನ್ಮಾನ, ಸತ್ಕಾರ, ಶ್ರದ್ಧಾಂಜಲಿ, ನುಡಿನಮನ ಮೊದಲಾದ ಪದಗಳನ್ನು ಸಂದರ್ಭೋಚಿತವಾಗಿ ಬಳಸಬಲ್ಲನು.
4. ಉತ್ಪ್ರೇಕ್ಷೆಯಿಲ್ಲದ ಒಂದು ನುಡಿನಮನವನ್ನು ರಚಿಸಬಲ್ಲನು.

ಪಾಠ

1. ಎರಡು ಆಸನಗಳು

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಟ್ರಯಾನ್ ಎಂಬ ಸಣ್ಣ ಊರಿನಲ್ಲಿ 1933ರ ಫೆಬ್ರುವರಿ 21ರಂದು ಯೂನಿಸ್ ಕ್ಯಾಥ್ಲೀನ್ ವೇಮನ್ ಎಂಬ ಬಾಲಕಿ ಜನಿಸಿದಳು. ಎಂಟು ಮಕ್ಕಳಲ್ಲಿ ಆಕೆ ಆರನೆಯವಳು. ತಾಯಿ ಚರ್ಚಿನಲ್ಲಿ ಧರ್ಮಬೋಧಕಿ. ಹೊಟ್ಟೆಪಾಡಿಗಾಗಿ ಬಿಳಿಯರ ಮನೆಯಲ್ಲಿ ಕೆಲಸಕ್ಕೂ ಹೋಗುತ್ತಿದ್ದರು. ಮಾತು ಸ್ಪಷ್ಟವಾಗುವ ವಯಸ್ಸಿಗೇ ಮಗು ಚರ್ಚಿನ ಹಾಡುಗಳನ್ನು ಕೇಳಿ ಕೇಳಿಯೇ ನುಡಿಸತೊಡಗಿತು. ತಾಯಿ ಕೆಲಸ ಮಾಡುತ್ತಿದ್ದ ಮನೆಯ ಒಡತಿ ಮೊದಲ ವರ್ಷದ ಪಾಠದ ಶುಲ್ಕವನ್ನು ಕೊಟ್ಟರು. ಇಂಗ್ಲೆಂಡ್ ಮೂಲದ ಮ್ಯೂರಿಯಲ್ ಮಝಾನೊವಿಚ್ ಎಂಬ ಶಿಕ್ಷಕಿ ಪಾಠ ಹೇಳಿದರು. ಅವರು ಕಲಿಸಿದ್ದು ಮುಖ್ಯವಾಗಿ ಜರ್ಮನಿಯ ಬಾಖ್ ಮಹಾಶಯರ ಕೃತಿಗಳನ್ನು. ಶುಲ್ಕದ ಹಣ ತೀರಿದ ಮೇಲೂ ಪಾಠ ನಿಲ್ಲಲಿಲ್ಲ. ಶಿಕ್ಷಕಿ ಊರವರಿಂದ ದೇಣಿಗೆ ಕೂಡಿಸಿ, ಬಾಲಕಿಯ ಹೆಸರಿನಲ್ಲಿ ಒಂದು ನಿಧಿಯನ್ನೇ ಸ್ಥಾಪಿಸಿದರು. ಆ ಬಾಲಕಿಯ ಮುಂದಿನ ಶಿಕ್ಷಣ ನಡೆದದ್ದು ಆ ನಿಧಿಯಿಂದ.

ಹನ್ನೊಂದು-ಹನ್ನೆರಡರ ಪ್ರಾಯದಲ್ಲಿ ಯೂನಿಸ್ ಊರ ಜನರೆದುರು ಪಿಯಾನೋ ನುಡಿಸುವ ಏರ್ಪಾಡಾಯಿತು. ತಂದೆ ತಾಯಿ ಶುಭ್ರವಾದ ಉಡುಪು ಧರಿಸಿ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಶಾಲೆ, ವಾಹನ, ಸಭಾಂಗಣಗಳಲ್ಲಿ ಪ್ರತ್ಯೇಕವಾಗಿರಿಸುವ ಕಾನೂನು ಮತ್ತು ರೂಢಿಗಳಿದ್ದವು. ಬಿಳಿಯ ದಂಪತಿಗಳಿಗಾಗಿ ಆ ಇಬ್ಬರನ್ನೂ ಎಬ್ಬಿಸಿ ಹಿಂದಕ್ಕೆ ಕಳುಹಿಸಲಾಯಿತು. ತಂದೆ ತಾಯಿ ಮಾತಿಲ್ಲದೆ ಎದ್ದರು. ಪಿಯಾನೋದ ಮುಂದೆ ಕುಳಿತಿದ್ದ ಬಾಲಕಿ ಎದ್ದು ನಿಂತಳು: ತಾನು ನುಡಿಸಬೇಕಾದರೆ ತನ್ನ ತಂದೆ ತಾಯಿ ಮುಂದಿನ ಸಾಲಿನಲ್ಲಿ, ತನಗೆ ಕಾಣುವಂತೆ ಕುಳಿತಿರಬೇಕು ಎಂದಳು. ಕೆಲವರು ನಕ್ಕರು. ಆದರೂ ಅವರಿಬ್ಬರನ್ನು ಮರಳಿ ಮುಂದೆ ಕೂರಿಸಲಾಯಿತು. ಅನಂತರವೇ ಆಕೆ ಬೆರಳುಗಳನ್ನು ಪಿಯಾನೋ ಮೇಲಿಟ್ಟಳು.

2. ಮುಚ್ಚಿದ ಬಾಗಿಲು, ತೆರೆದ ದಾರಿ

ಶಾಸ್ತ್ರೀಯ ಪಿಯಾನೋ ವಾದಕಿಯಾಗಿ ದೊಡ್ಡ ವೇದಿಕೆಗಳಲ್ಲಿ ಬಾಖ್ ಕೃತಿಗಳನ್ನು ನುಡಿಸುವುದು ಯೂನಿಸಳ ಕನಸಾಗಿತ್ತು. 1950ರಲ್ಲಿ ನ್ಯೂಯಾರ್ಕಿನ ಜುಲಿಯಾರ್ಡ್ ಸಂಗೀತ ಶಾಲೆಯಲ್ಲಿ ಅಭ್ಯಾಸ ಮಾಡಿ, ಮರುವರ್ಷ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಕುಳಿತಳು. ಆಯ್ಕೆಯಾಗುವಳೆಂಬ ಭರವಸೆಯಿಂದ ಕುಟುಂಬವು ಆ ನಗರಕ್ಕೇ ವಾಸ ಬದಲಿಸಿತ್ತು. ಪ್ರವೇಶ ದೊರೆಯಲಿಲ್ಲ. ತನ್ನ ಮೈಬಣ್ಣವೇ ಅದಕ್ಕೆ ಕಾರಣವೆಂದು ಆಕೆ ಕೊನೆಯವರೆಗೂ ನಂಬಿದ್ದರು. ಅದೇ ಸಂಸ್ಥೆಯ ಅಧ್ಯಾಪಕರಾಗಿದ್ದು, ಬಳಿಕ ಆಕೆಗೆ ಖಾಸಗಿಯಾಗಿ ಪಾಠ ಹೇಳಿದ ವ್ಲಾಡಿಮಿರ್ ಸೊಕೊಲಾಫ್ ಅವರು ಬಣ್ಣ ಕಾರಣವಲ್ಲವೆಂದರು.

ಪಾಠದ ಶುಲ್ಕಕ್ಕೆ ಹಣ ಬೇಕಿತ್ತು. 1954ರಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ಪಟ್ಟಣದ ಒಂದು ಮದ್ಯದಂಗಡಿಯಲ್ಲಿ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದರು. ಬರಿಯ ವಾದನ ಸಾಲದು, ಹಾಡಲೂ ಬೇಕು, ಇಲ್ಲವಾದರೆ ಕೆಲಸವಿಲ್ಲ ಎಂದು ಮಾಲೀಕ ಹೇಳಿದ. ಹಾಡುಗಾರಿಕೆ ಆರಂಭವಾದದ್ದು ಹೀಗೆ. ಇಂತಹ ಸ್ಥಳದಲ್ಲಿ ಮಗಳು ಹಾಡುತ್ತಾಳೆಂದು ತಾಯಿಗೆ ತಿಳಿಯಬಾರದೆಂಬ ಅಂಜಿಕೆಯಿಂದ ಹೊಸ ಹೆಸರನ್ನು ಇಟ್ಟುಕೊಂಡರು. ಯೂನಿಸ್ ವೇಮನ್ ನೀನಾ ಸಿಮೋನ್ ಆದರು.

ಮದ್ಯದಂಗಡಿಯಲ್ಲಿ ನುಡಿಸಿದರೂ ಕಲಿತ ವಿದ್ಯೆಯನ್ನು ಅವರು ಬಿಟ್ಟುಕೊಡಲಿಲ್ಲ. ‘ಲವ್ ಮಿ ಆರ್ ಲೀವ್ ಮಿ’ ಎಂಬ ಜನಪ್ರಿಯ ಹಾಡಿನ ನಡುವೆ ಬಾಖ್ ಶೈಲಿಯಲ್ಲಿ ಸ್ವರಗಳ ಎಳೆಗಳು ಒಂದರ ಬೆನ್ನಿಗೆ ಒಂದು ಹೊಸೆದುಕೊಳ್ಳುತ್ತ ಸಾಗುತ್ತವೆ. ‘ಲಿಟ್ಲ್ ಗರ್ಲ್ ಬ್ಲೂ’ ಎಂಬ ಹಾಡಿನಲ್ಲಿ ಕಂಠವು ಒಂದು ಧಾಟಿಯನ್ನು ಹಾಡುತ್ತಿರುವಾಗ ಪಿಯಾನೋ ಕ್ರಿಸ್ಮಸ್ ಕಾಲದ ಮತ್ತೊಂದು ಹಳೆಯ ಗೀತೆಯ ಧಾಟಿಯನ್ನು ನುಡಿಸುತ್ತದೆ. ಎರಡು ಧಾಟಿಗಳೂ ಒಂದನ್ನೊಂದು ಕೆಡಿಸದೆ ಜೊತೆಯಾಗಿ ನಡೆಯುತ್ತವೆ. ತಮ್ಮ ಸಂಗೀತಕ್ಕೆ ಜನರು ಅಂಟಿಸಿದ ‘ಜಾಝ್’ ಎಂಬ ಹಣೆಪಟ್ಟಿಯನ್ನು ಅವರು ಮನಸಾರೆ ಒಪ್ಪಲಿಲ್ಲ. ತಮ್ಮದು ಕಪ್ಪು ಜನರ ಶಾಸ್ತ್ರೀಯ ಸಂಗೀತವೆನ್ನುತ್ತಿದ್ದರು.

1963ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಪ್ರಸಿದ್ಧ ಕಾರ್ನೆಗಿ ಹಾಲಿನಲ್ಲಿ ಅವರ ಕಛೇರಿ ನಡೆಯಿತು. ಬಾಲ್ಯದಲ್ಲಿ ಕನಸಿದ ವೇದಿಕೆ ದೊರಕಿತು. ಆದರೆ ನುಡಿಸಿದ್ದು ಬಾಖ್ ಅಲ್ಲ ಎಂಬ ಕೊರಗು ಉಳಿಯಿತು. ಅದೇ ದಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಂಧಿಸಲಾಗಿತ್ತು. ನಾಟಕಕಾರ್ತಿ, ಗೆಳತಿ ಲೊರೇನ್ ಹ್ಯಾನ್ಸ್‌ಬೆರಿ ದೂರವಾಣಿಯಲ್ಲಿ ಮಾತನಾಡಿದ್ದು ಕಛೇರಿಯ ಯಶಸ್ಸಿನ ಬಗೆಗಲ್ಲ. ಆ ಬಂಧನದ ಬಗೆಗೆ, ಚಳವಳಿಗಾಗಿ ನೀನಾ ಏನು ಮಾಡುತ್ತಿದ್ದಾರೆ ಎಂಬುದರ ಬಗೆಗೆ.

3. ಹಾಡಾದ ಸಿಟ್ಟು

ಆ ವರ್ಷ ಜೂನ್ 12ರಂದು ಮಿಸಿಸಿಪ್ಪಿ ರಾಜ್ಯದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯೆದುರೇ ಗುಂಡಿಕ್ಕಿ ಕೊಲ್ಲಲಾಯಿತು. ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮಿನ ಒಂದು ಚರ್ಚಿನಲ್ಲಿ ಜನಾಂಗದ್ವೇಷಿಗಳು ಇಟ್ಟ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. ಮೂವರಿಗೆ ಹದಿನಾಲ್ಕು ವರ್ಷ, ಒಬ್ಬಳಿಗೆ ಹನ್ನೊಂದು. ಸುದ್ದಿ ಕೇಳಿದ ನೀನಾ ಸಿಮೋನ್ ಮೊದಲು ಆಯುಧವೊಂದನ್ನು ತಯಾರಿಸಲು ಹೊರಟರು. ನಿನಗೆ ಕೊಲ್ಲುವುದು ತಿಳಿಯದು, ಸಂಗೀತ ತಿಳಿದಿದೆ ಎಂದು ಪತಿ ಹೇಳಿದರು. ಅವರು ಪಿಯಾನೋದ ಮುಂದೆ ಕುಳಿತರು. ಒಂದು ತಾಸಿನೊಳಗೆ ‘ಮಿಸಿಸಿಪ್ಪಿ ಗಾಡ್‌ಡ್ಯಾಮ್’ ಎಂಬ ಹಾಡು ಸಿದ್ಧವಾಯಿತು.

ಹಾಡಿನ ಧಾಟಿ ವಿನೋದ ನಾಟಕದ ಹಾಡಿನಂತೆ ಚುರುಕಾಗಿದೆ. ಮಾತು ಮಾತ್ರ ಕೆಂಡ. 1964ರಲ್ಲಿ ಕಾರ್ನೆಗಿ ಹಾಲಿನಲ್ಲಿ ಅದನ್ನು ಹಾಡುತ್ತ, ಇದು ನಾಟಕದ ಹಾಡು, ಆದರೆ ಇದರ ನಾಟಕವನ್ನು ಇನ್ನೂ ಯಾರೂ ಬರೆದಿಲ್ಲ ಎಂಬರ್ಥದ ಮಾತನ್ನಾಡಿದರು. ಧ್ವನಿಮುದ್ರಿಕೆ ಹೊರಬಂದಾಗ ದಕ್ಷಿಣದ ಒಬ್ಬ ವ್ಯಾಪಾರಿ ತಟ್ಟೆಗಳನ್ನು ಎರಡಾಗಿ ಮುರಿದು ಪೆಟ್ಟಿಗೆಸಮೇತ ಹಿಂದಿರುಗಿಸಿದನೆಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. 1965ರ ಮಾರ್ಚ್‌ನಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದು ಬಂದ ಹಕ್ಕಿನ ಯಾತ್ರಿಕರೆದುರು ಅವರು ಅದೇ ಹಾಡನ್ನು ಹಾಡಿದರು. ಇಂದು ಆ ಹಾಡು ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹದಲ್ಲಿ ಸಂರಕ್ಷಿತವಾಗಿದೆ.

ನೀನಾ ಸಿಮೋನ್ ಇತರರಿಗೆ ಗಾನನಮನ ಸಲ್ಲಿಸಿದವರೂ ಹೌದು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮೂರೇ ದಿನಗಳಲ್ಲಿ, ಏಪ್ರಿಲ್ 7ರ ಕಛೇರಿಯಲ್ಲಿ, ತಂಡದ ವಾದ್ಯಗಾರ ಜೀನ್ ಟೇಲರ್ ಆಗತಾನೆ ರಚಿಸಿದ್ದ ಶೋಕಗೀತೆಯನ್ನು ಅವರು ಹಾಡಿದರು. ಅಕಾಲದಲ್ಲಿ ಅಗಲಿದ ಗೆಳತಿ ಹ್ಯಾನ್ಸ್‌ಬೆರಿಯವರ ನೆನಪಿಗೆ 1969ರಲ್ಲಿ ಎಳೆಯ ಕಪ್ಪು ಜನಾಂಗದ ಪ್ರತಿಭೆಯನ್ನು ಕೊಂಡಾಡುವ ಹಾಡೊಂದನ್ನು ಕಟ್ಟಿದರು.

ಮುಂದಿನ ವರ್ಷಗಳು ಸುಗಮವಾಗಿರಲಿಲ್ಲ. ಬಾರ್ಬಡೋಸ್, ಲೈಬೀರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಫ್ರಾನ್ಸ್ ಎಂದು ಊರಿಂದೂರಿಗೆ ಅಲೆದರು; ಮಾನಸಿಕ ಅಸ್ವಾಸ್ಥ್ಯವನ್ನೂ ಹಣದ ಅಡಚಣೆಯನ್ನೂ ಅನುಭವಿಸಿದರು. 2003ರ ಏಪ್ರಿಲ್ 21ರಂದು ಫ್ರಾನ್ಸಿನಲ್ಲಿ ನಿಧನರಾದರು. ಅದಕ್ಕೆ ಎರಡು ದಿನ ಮೊದಲು, ಒಮ್ಮೆ ಪ್ರವೇಶ ನಿರಾಕರಿಸಿದ್ದ ಕರ್ಟಿಸ್ ಸಂಸ್ಥೆ ಅವರಿಗೆ ಗೌರವ ಪದವಿಯನ್ನು ನೀಡಿತ್ತು.

4. ಲಂಡನ್ನಿನ ಗಾನನಮನ

‘ಪ್ರಾಮ್ಸ್’ ಎಂಬುದು 1895ರಲ್ಲಿ ಆರಂಭವಾದ, ಬೇಸಿಗೆಯಲ್ಲಿ ನಡೆಯುವ ಸಂಗೀತೋತ್ಸವ. ಶಾಸ್ತ್ರೀಯ ಸಂಗೀತವನ್ನು ಕಡಿಮೆ ದರದಲ್ಲಿ ಸಾಮಾನ್ಯರಿಗೆ ಕೇಳಿಸುವುದು ಅದರ ಮೂಲ ಗುರಿ. 2019ರ ಉತ್ಸವದಲ್ಲಿ ಒಂದು ಸಂಜೆಯನ್ನು ನೀನಾ ಸಿಮೋನ್ ಅವರಿಗೆ ಮೀಸಲಿಡಲಾಯಿತು. ಕಛೇರಿಗೆ ಇಟ್ಟ ಹೆಸರು ಅವರ ಸುಮಧುರ ಪ್ರೇಮಗೀತೆಯದಲ್ಲ. ಒಡೆದ ತಟ್ಟೆಗಳಾಗಿ ಮರಳಿ ಬಂದಿದ್ದ ‘ಮಿಸಿಸಿಪ್ಪಿ ಗಾಡ್‌ಡ್ಯಾಮ್’ ಎಂಬ ಹಾಡಿನ ಹೆಸರೇ ಕಛೇರಿಯ ಹೆಸರಾಯಿತು.

ನೆದರ್ಲೆಂಡ್ಸಿನ ಮೆಟ್ರೊಪೋಲ್ ವಾದ್ಯವೃಂದ ನುಡಿಸಿತು. ಜೂಲ್ಸ್ ಬಕ್ಲಿ ನಿರ್ದೇಶಿಸಿದರು. ಲೆಡಿಸಿ ಮತ್ತು ಲಿಸಾ ಫಿಶರ್ ಪ್ರಧಾನ ಗಾಯಕಿಯರು. ಲಾಶಾರ್‌ವು ಎಂಬ ಗಾಯಕಿಯರ ತಂಡ ಜೊತೆಗೂಡಿತು. ಲಿಸಾ ಫಿಶರ್ ಅವರು ಹಲವು ದಶಕಗಳ ಕಾಲ ಇತರ ಪ್ರಸಿದ್ಧರ ಹಿಂದೆ ನಿಂತು ಸಹಗಾಯನ ಮಾಡಿದವರು. ಲೆಡಿಸಿ ಆ ಕಛೇರಿಯ ಬಳಿಕ, 2021ರಲ್ಲಿ, ನೀನಾ ಅವರ ಹಾಡುಗಳದೇ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೀನಾ ಸಿಮೋನ್ ಒಬ್ಬರೇ ಪಿಯಾನೋ ನುಡಿಸುತ್ತ ಹಾಡುತ್ತಿದ್ದರು. ಕಂಠ ಯಾವಾಗ ಕಾಯಬೇಕು, ಬೆರಳು ಯಾವಾಗ ಮುಂದಾಗಬೇಕು ಎಂಬುದನ್ನು ಒಂದೇ ಮನಸ್ಸು ನಿರ್ಧರಿಸುತ್ತಿತ್ತು. ಆ ಸಂಜೆ ಅದೇ ಕೆಲಸವನ್ನು ಒಂದು ದೊಡ್ಡ ವಾದ್ಯವೃಂದ ಮತ್ತು ಹಲವು ಕಂಠಗಳು ಹಂಚಿಕೊಂಡವು. ಹಾಡು ಅವರದು, ದನಿ ಹಾಡುವವರದು. ನಮ್ಮ ಹಿಂದುಸ್ತಾನಿ ಗಾಯಕರು ಗುರುವಿನಿಂದ ಬಂದ ಬಂದಿಶನ್ನು ಹಾಡುವಾಗಲೂ ಆಲಾಪ, ತಾನಗಳನ್ನು ತಮ್ಮ ಮನೋಧರ್ಮದಿಂದಲೇ ಬೆಳೆಸುತ್ತಾರೆ. ಜಾಝ್ ಸಂಗೀತದಲ್ಲೂ ಹಾಗೆಯೇ: ಪರಿಚಿತ ಹಾಡೊಂದನ್ನು ಅಡಿಪಾಯವಾಗಿರಿಸಿಕೊಂಡು ಕಲಾವಿದರು ಆ ಗಳಿಗೆಯಲ್ಲಿ ಹೊಸತನ್ನು ಕಟ್ಟುತ್ತಾರೆ. ಹಳೆಯ ದನಿಯನ್ನೇ ಹೋಲುವಂತೆ ಹಾಡಿದರೆ ಅದು ಅನುಕರಣೆ. ಹಳೆಯ ಹಾಡಿನ ಎದುರು ತನ್ನ ದನಿಯನ್ನು ನಿಲ್ಲಿಸಿ ಉತ್ತರ ಕೊಟ್ಟರೆ ಅದು ಗೌರವ.

ಶಬ್ದವಿವೇಚನೆ

ಗಡಿಭಾಗದ ವಿದ್ಯಾರ್ಥಿಗಳು ದಿನವೂ ಎರಡು ಭಾಷೆಗಳ ನಡುವೆ ಓಡಾಡುತ್ತಾರೆ. ಒಂದೇ ಸಂಸ್ಕೃತ ಪದ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ತಾಳುವುದನ್ನು ತೋರಿಸಲು ಈ ಪಾಠದಲ್ಲಿ ಒಳ್ಳೆಯ ಅವಕಾಶವಿದೆ.

ಸತ್ಕಾರ: ಮರಾಠಿಯಲ್ಲಿ ಸಾಧಕರನ್ನು ಸಭೆಯಲ್ಲಿ ಗೌರವಿಸುವುದಕ್ಕೆ ಈ ಪದ ರೂಢಿಯಲ್ಲಿದೆ. ಕನ್ನಡದಲ್ಲಿ ಅತಿಥಿಗಳನ್ನು ಆದರಿಸಿ ಉಣಬಡಿಸುವುದು ಸತ್ಕಾರ. ಸಭೆಯಲ್ಲಿ ಶಾಲು ಹೊದಿಸಿ ಗೌರವಿಸುವುದು ಸನ್ಮಾನ. ‘ಮುಖ್ಯಾಧ್ಯಾಪಕರ ಸತ್ಕಾರ ಸಮಾರಂಭ’ ಎಂದು ವಿದ್ಯಾರ್ಥಿ ಬರೆದರೆ ಅದನ್ನು ತಪ್ಪೆಂದು ಹೊಡೆದುಹಾಕುವ ಬದಲು ಎರಡು ಅರ್ಥಗಳನ್ನೂ ಫಲಕದ ಮೇಲೆ ಬರೆದು ತೋರಿಸಬೇಕು.

ಶ್ರದ್ಧಾಂಜಲಿ: ಮೃತರಿಗೆ ಮಾತ್ರ ಸಲ್ಲುತ್ತದೆ. ಬದುಕಿರುವವರಿಗೆ ಅಭಿನಂದನೆ.

ನುಡಿನಮನ, ಗಾನನಮನ: ಮಾತಿನಿಂದ ಅಥವಾ ಹಾಡಿನಿಂದ ಸಲ್ಲಿಸುವ ಗೌರವ. ಸಾಮಾನ್ಯವಾಗಿ ಅಗಲಿದವರ ಸ್ಮರಣೆಯಲ್ಲಿ ಬಳಕೆ.

ಜಾಝ್: ಈ ಪದದ ಸ್ವರವನ್ನು ಬರೆಯಲು ಮರಾಠಿಯಲ್ಲಿ ಅಕ್ಷರದ ಮೇಲೆ ಅರ್ಧಚಂದ್ರದ ಗುರುತಿದೆ. ಕನ್ನಡದಲ್ಲಿ ಅಂತಹ ಪ್ರತ್ಯೇಕ ಗುರುತಿಲ್ಲ. ಆದುದರಿಂದ ‘ಬ್ಯಾಂಕು’ ಎಂಬಲ್ಲಿ ಮಾಡುವಂತೆ ಯಕಾರದ ಒತ್ತು ಕೊಟ್ಟು ‘ಜ್ಯಾಝ್’ ಎಂದು ಬರೆಯುವುದುಂಟು. ‘ಜಾಝ್’ ಎಂಬ ರೂಪವೂ ಬಳಕೆಯಲ್ಲಿದೆ. ಒಂದು ಬರಹದಲ್ಲಿ ಒಂದೇ ರೂಪವನ್ನು ಬಳಸುವ ಶಿಸ್ತನ್ನು ಕಲಿಸಬೇಕು.

ತರಗತಿಯ ನಿರ್ವಹಣೆ

ಮೊದಲ ಅವಧಿ: ‘ಎರಡು ಆಸನಗಳು’ ಭಾಗವನ್ನು ಶಿಕ್ಷಕರು ಗಟ್ಟಿಯಾಗಿ ಓದಬೇಕು. ತಂದೆ ತಾಯಿಯನ್ನು ಎಬ್ಬಿಸಿದ ವಾಕ್ಯದ ಬಳಿಕ ಓದನ್ನು ನಿಲ್ಲಿಸಿ, ಆ ಸಭೆಯಲ್ಲಿ ಮಾತನಾಡಬಹುದಾಗಿದ್ದವರು ಯಾರು ಯಾರು ಎಂದು ಕೇಳಬೇಕು. ಏರ್ಪಡಿಸಿದವರು, ಶಿಕ್ಷಕಿ, ಪ್ರೇಕ್ಷಕರು, ತಂದೆ ತಾಯಿ, ಬಾಲಕಿ ಎಂಬ ಉತ್ತರಗಳು ಬರುತ್ತವೆ. ಕೊನೆಗೆ ಮಾತನಾಡಿದವಳು ಅವರೆಲ್ಲರಿಗಿಂತ ಚಿಕ್ಕವಳು ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವಂತಾಗಬೇಕು. ‘ನಿಮಗೂ ಹೀಗಾಗಿದೆಯೇ?’ ಎಂದು ತರಗತಿಯ ನಡುವೆ ಕೇಳಬಾರದು. ಜಾತಿ, ಭಾಷೆ, ಬಡತನಗಳ ಕಾರಣದಿಂದ ಮನೆಯವರು ಅವಮಾನ ಅನುಭವಿಸಿದ್ದನ್ನು ಕಂಡ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅದನ್ನು ಎಲ್ಲರೆದುರು ಹೇಳಿಸುವುದು ಮತ್ತೊಂದು ಅವಮಾನವಾದೀತು. ಹೇಳಬಯಸುವವರು ಬರೆದುಕೊಡಲಿ, ಶಿಕ್ಷಕರು ಅದನ್ನು ಇತರರೆದುರು ಓದದಿರಲಿ.

ಎರಡನೆಯ ಅವಧಿ: ಫಲಕದಲ್ಲಿ ಮೂರು ಕಾಲಂಗಳನ್ನು ಎಳೆದು ‘ನಡೆದದ್ದು’, ‘ಅವರು ನಂಬಿದ್ದು’, ‘ಇತರರು ಹೇಳಿದ್ದು’ ಎಂದು ಬರೆಯಬೇಕು. ಕರ್ಟಿಸ್ ಸಂಸ್ಥೆಯ ಪ್ರಸಂಗವನ್ನು ವಿದ್ಯಾರ್ಥಿಗಳು ವಿಂಗಡಿಸಲಿ. ಪ್ರವೇಶ ಸಿಗದಿದ್ದುದು ಮೊದಲ ಕಾಲಂ. ಬಣ್ಣವೇ ಕಾರಣವೆಂಬುದು ಎರಡನೆಯದು. ಸೊಕೊಲಾಫ್ ಅವರ ಮಾತು ಮೂರನೆಯದು. ಯಾರು ಸರಿ ಎಂಬ ತೀರ್ಪಿಗೆ ಅವಸರಿಸಬೇಕಿಲ್ಲ. ಆದರೆ ಪಕ್ಷಪಾತವನ್ನು ದಿನವೂ ಕಂಡ ಬಾಲ್ಯ ಆ ನಂಬಿಕೆಗೆ ಹೇಗೆ ಆಧಾರವಾಯಿತು ಎಂಬುದನ್ನು ಚರ್ಚಿಸಬೇಕು.

ಮೂರನೆಯ ಅವಧಿ: ಸಾಧ್ಯವಿದ್ದಲ್ಲಿ ‘ಲಿಟ್ಲ್ ಗರ್ಲ್ ಬ್ಲೂ’ ಹಾಡನ್ನು ಕೇಳಿಸಬೇಕು. ಕಂಠದ ಧಾಟಿ ಕೇಳಿದಾಗ ಬಲಗೈ, ಪಿಯಾನೋದ ಬೇರೆ ಧಾಟಿ ಕೇಳಿದಾಗ ಎಡಗೈ ಎತ್ತಲು ಹೇಳಬೇಕು. ಸಾಧನವಿಲ್ಲದ ಶಾಲೆಗಳಲ್ಲಿ ತರಗತಿಯನ್ನು ಎರಡು ಗುಂಪು ಮಾಡಿ, ಒಂದೇ ತಾಳದ ಎರಡು ಬೇರೆ ಹಾಡುಗಳನ್ನು ಏಕಕಾಲದಲ್ಲಿ ಹಾಡಿಸಬಹುದು. ಮೊದಲು ಗದ್ದಲವಾಗುತ್ತದೆ, ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಬೀಳತೊಡಗಿದಾಗ ಹದ ಬರುತ್ತದೆ. ‘ಮಿಸಿಸಿಪ್ಪಿ ಗಾಡ್‌ಡ್ಯಾಮ್’ ಶೀರ್ಷಿಕೆಯಲ್ಲಿ ಇಂಗ್ಲಿಷಿನ ಒಂದು ಶಾಪದ ಮಾತಿದೆ ಎಂಬುದನ್ನು ಮರೆಮಾಚಬೇಕಿಲ್ಲ. ನಾಲ್ವರು ಮಕ್ಕಳ ಸಾವಿನೆದುರು ಸಭ್ಯ ಶಬ್ದಗಳು ಸಾಲದೆಂದು ಅವರಿಗೆ ಅನ್ನಿಸಿತು ಎಂದು ವಿವರಿಸಿದರೆ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತದೆ.

ನಾಲ್ಕನೆಯ ಅವಧಿ: ನುಡಿನಮನದ ರಚನೆ. ತಮ್ಮ ಊರಿನಲ್ಲಿ ಅಗಲಿದ ಒಬ್ಬ ಭಜನೆಗಾರ, ಸೂಲಗಿತ್ತಿ, ಶಿಕ್ಷಕ ಅಥವಾ ಕುಶಲಕರ್ಮಿಯನ್ನು ಕುರಿತು ಹತ್ತು ವಾಕ್ಯ ಬರೆಯಬೇಕು. ನಿಯಮಗಳು ಮೂರು. ಮಹಾನ್, ಅಪ್ರತಿಮ, ಅಜರಾಮರ ಎಂಬ ವಿಶೇಷಣಗಳು ಬೇಡ. ಒಂದು ಸ್ಥಳ, ಒಂದು ವಸ್ತು, ಒಂದು ನಡೆ ಇರಲೇಬೇಕು. ಅವರಿಗೆ ಕೈಗೂಡದ ಒಂದು ಆಸೆಯನ್ನೂ ಹೇಳಬೇಕು. ಮಾದರಿಯಾಗಿ ಕೆಳಗಿನ ಎರಡು ವಾಕ್ಯಗಳನ್ನು ಹೋಲಿಸಲಿ:

ಅ) ನೀನಾ ಸಿಮೋನ್ ಮಹಾನ್ ಕಲಾವಿದೆಯಾಗಿದ್ದು ಅನೇಕ ಕಷ್ಟಗಳನ್ನು ಎದುರಿಸಿ ಯಶಸ್ಸು ಗಳಿಸಿದರು.
ಆ) ತಂದೆ ತಾಯಿಯನ್ನು ಮುಂದಿನ ಸಾಲಿಗೆ ಕರೆತರುವವರೆಗೂ ಆ ಬಾಲಕಿ ಪಿಯಾನೋ ಮುಟ್ಟಲಿಲ್ಲ.

ಮೊದಲನೆಯದನ್ನು ಯಾರ ಬಗೆಗಾದರೂ ಬರೆಯಬಹುದು. ಎರಡನೆಯದನ್ನು ಒಬ್ಬರ ಬಗೆಗೆ ಮಾತ್ರ.

ಶಿಕ್ಷಕರು ಗಮನಿಸಬೇಕಾದುದು

ಇಂತಹ ಪಾಠಗಳು ‘ಕಷ್ಟಪಟ್ಟರೆ ಫಲ ಸಿಗುತ್ತದೆ’ ಎಂಬ ನೀತಿವಾಕ್ಯಕ್ಕೆ ಬೇಗನೆ ಜಾರುತ್ತವೆ. ನೀನಾ ಸಿಮೋನ್ ಅವರ ಬಾಳು ಅದನ್ನು ಹೇಳುವುದಿಲ್ಲ. ಅವರು ಕಷ್ಟಪಟ್ಟರು, ಬಯಸಿದ್ದು ಸಿಗಲಿಲ್ಲ, ಸಿಕ್ಕಿದ್ದನ್ನು ತಮ್ಮದಾಗಿಸಿಕೊಂಡರು. ಗೌರವ ಪದವಿ ಬಂದದ್ದು ಮರಣದ ಹೊಸ್ತಿಲಲ್ಲಿ. ಹುಟ್ಟಿದ ಊರಿನಲ್ಲಿ ಅವರ ಕಂಚಿನ ಪ್ರತಿಮೆ ನಿಂತದ್ದು 2010ರಲ್ಲಿ. ಶಿಥಿಲವಾಗಿದ್ದ ಅವರ ಬಾಲ್ಯದ ಮನೆಯನ್ನು ಉಳಿಸಲೆಂದು ನಾಲ್ವರು ಕಪ್ಪು ಕಲಾವಿದರು ಕೊಂಡದ್ದು 2017ರಲ್ಲಿ. ತಡವಾಗಿ ಬಂದ ಗೌರವವೂ ಗೌರವವೇ. ಆದರೆ ಅದು ಸಕಾಲದ ನ್ಯಾಯಕ್ಕೆ ಸಮನಲ್ಲ. ಈ ವ್ಯತ್ಯಾಸವನ್ನು ಹದಿನಾಲ್ಕರ ಪ್ರಾಯದ ವಿದ್ಯಾರ್ಥಿ ಗ್ರಹಿಸಬಲ್ಲ.

ಈ ಕಥೆಯಲ್ಲಿ ಶಿಕ್ಷಕರಿಗೂ ಪಾಲಿದೆ. ಶುಲ್ಕ ನಿಂತಾಗ ಪಾಠ ನಿಲ್ಲಿಸದೆ, ಊರೆಲ್ಲ ಹಣ ಕೂಡಿಸಿದವರು ಒಬ್ಬ ಶಿಕ್ಷಕಿ. ಬಾಖ್ ಕೃತಿಗಳನ್ನು ಆ ಮಗುವಿನ ಬೆರಳಿಗೆ ಕೊಟ್ಟವರೂ ಅವರೇ. ಮದ್ಯದಂಗಡಿಯ ಗದ್ದಲದಲ್ಲೂ ಆ ಪಾಠ ಅಳಿಯಲಿಲ್ಲ.

ಸ್ವಾಧ್ಯಾಯ

1. ಯೂನಿಸ್ ವೇಮನ್ ಹೊಸ ಹೆಸರನ್ನು ಇಟ್ಟುಕೊಳ್ಳಲು ಕಾರಣವೇನು?
2. ಕಾರ್ನೆಗಿ ಹಾಲಿನ ಕಛೇರಿ ಆಕೆಗೆ ಸಂತೋಷವನ್ನೂ ಕೊರಗನ್ನೂ ತಂದಿತು. ಸಮರ್ಥಿಸಿರಿ.
3. ಲಂಡನ್ನಿನ ಕಛೇರಿಗೆ ಪ್ರತಿಭಟನೆಯ ಹಾಡಿನ ಹೆಸರಿಟ್ಟದ್ದು ಸೂಕ್ತವೇ? ಕಾರಣಗಳನ್ನು ಕೊಡಿರಿ.
4. ಅನುಕರಣೆ ಮತ್ತು ಗೌರವಾರ್ಪಣೆಗಳ ವ್ಯತ್ಯಾಸವನ್ನು ನಿಮ್ಮ ಊರಿನ ಭಜನೆ, ಬಯಲಾಟ ಅಥವಾ ಸಂಗೀತದ ಉದಾಹರಣೆಯಿಂದ ವಿವರಿಸಿರಿ.
5. ಸನ್ಮಾನ, ಸತ್ಕಾರ, ಅಭಿನಂದನೆ, ಶ್ರದ್ಧಾಂಜಲಿ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.

ಉಪಕ್ರಮ

ಶಾಲೆಯ ಮುಂದಿನ ಪಾಲಕರ ಸಭೆಯ ಆಸನ ವ್ಯವಸ್ಥೆಯನ್ನು ಈ ತರಗತಿಯ ವಿದ್ಯಾರ್ಥಿಗಳಿಗೇ ಒಪ್ಪಿಸಬೇಕು. ಮುಂದಿನ ಸಾಲಿನಲ್ಲಿ ಯಾರು ಕೂರಬೇಕು, ಏಕೆ ಎಂಬುದನ್ನು ಅವರೇ ಚರ್ಚಿಸಿ, ಕಾರಣಸಹಿತ ಒಂದು ಪುಟದ ಟಿಪ್ಪಣಿ ಬರೆಯಲಿ. ಕೂಲಿಯ ಕೆಲಸ ಬಿಟ್ಟು ತಡವಾಗಿ ಬಂದು, ಬಾಗಿಲ ಬಳಿಯೇ ನಿಂತುಬಿಡುವ ತಾಯಿಗೆ ಅವರು ಯಾವ ಆಸನವನ್ನು ಕಾದಿರಿಸುತ್ತಾರೆ ಎಂಬುದನ್ನು ಶಿಕ್ಷಕರು ಸುಮ್ಮನೆ ಗಮನಿಸಬೇಕು. ಪಾಠ ಎಷ್ಟು ತಲುಪಿತೆಂಬುದು ಅಲ್ಲಿ ತಿಳಿಯುತ್ತದೆ.